800 ಮೀಟರ್ ಸಮಯಕ್ಕೂ 5000 ಮೀಟರ್ ಸಮಯಕ್ಕೂ ತಾಳೆ ಹಾಕುವುದು ಹೇಗೆ?

ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. 800 ಮೀಟರ್ ಓಟವನ್ನು 2:10ಕ್ಕೆ ಮುಗಿಸುತ್ತಾನೆ, 1500 ಮೀಟರನ್ನು 4:30ಕ್ಕೆ, 5000 ಮೀಟರನ್ನು 17:10ಕ್ಕೆ. ಈ ಮೂರರಲ್ಲಿ ಯಾವುದು ಒಳ್ಳೆಯ ಓಟ? ಅವನು ಯಾವ ದೂರಕ್ಕೆ ಸರಿಯಾದವನು? 10,000 ಮೀಟರ್ ಓಡಿಸಿದರೆ ಎಷ್ಟು ಹೊತ್ತು ತೆಗೆದುಕೊಳ್ಳಬಹುದು?

ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ಮೊಬೈಲ್‌ನಲ್ಲಿ ಒಂದು ಕ್ಯಾಲ್ಕುಲೇಟರ್ ತೆರೆದು 1500ರ ಸಮಯ ಹಾಕಿ, 5000ಕ್ಕೆ ಎಷ್ಟು ಅಂತ ನೋಡುತ್ತೇವೆ. 4:30 ಹಾಕಿದರೆ ಒಂದು ಸೂತ್ರ 16:07 ಅನ್ನುತ್ತದೆ. ಇನ್ನೊಂದು 16:44 ಅನ್ನುತ್ತದೆ. ವಿಶ್ವದಾಖಲೆಗಳ ಅನುಪಾತ ಹಿಡಿದರೆ 16:30 ಬರುತ್ತದೆ. ಹುಡುಗ ನಿಜವಾಗಿ ಓಡಿದ್ದು 17:10. ಹಾಗಾದರೆ ಮೂರೂ ಸುಳ್ಳೇ? ಸುಳ್ಳಲ್ಲ. ಮೂರೂ ಬೇರೆ ಬೇರೆ ಓಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹೇಳುತ್ತಿವೆ, ಅಷ್ಟೇ. ಈ ಹುಡುಗನ ಲೆಕ್ಕ ಅವನ ಓಟಗಳಲ್ಲೇ ಇದೆ. ಅದನ್ನು ಹೊರತೆಗೆಯುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ. ಒಂದು ಸ್ಪ್ರೆಡ್‌ಶೀಟ್ ಅಥವಾ ಲಾಗ್ ಬಟನ್ ಇರುವ ಕ್ಯಾಲ್ಕುಲೇಟರ್ ಸಾಕು.

ಹಂತ 1: ಮೊದಲು ಸಮಯಗಳನ್ನು ಸೋಸಿಕೊಳ್ಳಿ

ಎಲ್ಲರೂ ಹಾರಿಸಿಬಿಡುವ ಹಂತ ಇದೇ, ಜಾಸ್ತಿ ತಪ್ಪು ಆಗುವುದೂ ಇಲ್ಲೇ.

ಎಲ್ಲ ಸಮಯಗಳನ್ನೂ ಸೆಕೆಂಡಿಗೆ ಇಳಿಸಿ. 2:10 ಅಂದರೆ 130, 4:30 ಅಂದರೆ 270, 17:10 ಅಂದರೆ 1030. ಸ್ಪ್ರೆಡ್‌ಶೀಟ್‌ನಲ್ಲಿ ಸುಮ್ನೆ 4.30 ಅಂತ ಹಾಕಬೇಡಿ. ಅದು 4 ನಿಮಿಷ 18 ಸೆಕೆಂಡ್ ಆಗುತ್ತದೆ. ಆಮೇಲೆ ಇಡೀ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ.

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತೆಗೆದ ಸಮಯವೋ, ಎಲೆಕ್ಟ್ರಾನಿಕ್ ಸಮಯವೋ ನೋಡಿ. ಕೈಯಲ್ಲಿ ತೆಗೆದ ಸಮಯ ಯಾವಾಗಲೂ ಸ್ವಲ್ಪ ಉದಾರ. ಗನ್ನಿನ ಶಬ್ದ ಕೇಳಿ ಬೆರಳು ಒತ್ತುವಷ್ಟರಲ್ಲಿ ಓಟಗಾರ ಹೊರಟಿರುತ್ತಾನೆ. 100 ಮತ್ತು 200 ಮೀಟರ್‌ಗೆ 0.24 ಸೆಕೆಂಡ್, 400ಕ್ಕೆ 0.14 ಸೆಕೆಂಡ್ ಸೇರಿಸಿಕೊಳ್ಳುವುದು ರೂಢಿ. 800ರಿಂದ ಮೇಲಕ್ಕೆ ಇದರ ಚಿಂತೆ ಬೇಡ. ಸ್ಪ್ರಿಂಟ್ ಆದರೆ ಗಾಳಿಯನ್ನೂ ನೋಡಿ. ಬೆನ್ನಿಗೆ ಸೆಕೆಂಡಿಗೆ 2.0 ಮೀಟರ್‌ಗಿಂತ ಜಾಸ್ತಿ ಗಾಳಿ ಇದ್ದ 100 ಅಥವಾ 200 ಮೀಟರ್ ಓಟವನ್ನು ದಾಖಲೆಗೆ ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಮುಂದಿನದು ತುಂಬಾ ಮುಖ್ಯ. ಅದು ನಿಜವಾಗಿಯೂ ಜೋರಾಗಿ ಓಡಿದ ಓಟವೇ? 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ 1500 ಮೀಟರ್ ಚಿನ್ನ ಗೆದ್ದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಅವರ ಸಮಯ 3:50.00. ಅದಕ್ಕೆ ಒಂದು ವರ್ಷ ಮುಂಚೆ ಅದೇ ಮನುಷ್ಯ 3:30.40 ಓಡಿದ್ದರು. ಫೈನಲ್‌ನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾ ಮೆಲ್ಲಗೆ ಓಡಿ, ಕೊನೆಯಲ್ಲಿ ಕಿತ್ತುಕೊಂಡು ಓಡಿದ್ದರು. ಪದಕಕ್ಕೆ ಅದು ಸಾಕು, ಲೆಕ್ಕಕ್ಕೆ ಬರುವುದಿಲ್ಲ. ಊರಿನ ಸಣ್ಣ ಸ್ಪರ್ಧೆಗಳಲ್ಲೂ ಹೀಗೇ ಆಗುತ್ತದೆ ಅಲ್ವಾ? ಎದುರಾಳಿ ಇಲ್ಲದೆ ಒಬ್ಬನೇ ಮುಂದೆ ಓಡಿ ಗೆದ್ದ ಓಟವನ್ನೂ ಪಕ್ಕಕ್ಕಿಡಿ.

ಟ್ರ್ಯಾಕ್ ಎಷ್ಟು ಎತ್ತರದಲ್ಲಿದೆ ಅನ್ನುವುದು ಎರಡೂ ಕಡೆಗೆ ಕೊಯ್ಯುತ್ತದೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ತೆಳು ಗಾಳಿಯಲ್ಲಿ ತಡೆ ಕಡಿಮೆ, ಹಾಗಾಗಿ ಲೀ ಇವಾನ್ಸ್ 400 ಮೀಟರನ್ನು 43.86ರಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅದೇ ಟ್ರ್ಯಾಕ್‌ನಲ್ಲಿ 10,000 ಮೀಟರ್ ಗೆದ್ದ ನಫ್ತಾಲಿ ಟೆಮು ಅವರ ಸಮಯ 29:27.4. ಆಗಿನ ವಿಶ್ವದಾಖಲೆ ರಾನ್ ಕ್ಲಾರ್ಕ್ ಅವರ 27:39.4. ಒಂದೇ ಗಾಳಿ ಸ್ಪ್ರಿಂಟರ್‌ಗೆ ವರ, ದೂರದ ಓಟಗಾರನಿಗೆ ಶಾಪ. 1000 ಮೀಟರ್‌ಗಿಂತ ಎತ್ತರದ ಟ್ರ್ಯಾಕ್‌ನ ಸಮಯವನ್ನು ಕೆಳಗಿನ ಟ್ರ್ಯಾಕ್‌ನ ಸಮಯದ ಜೊತೆ ಬೆರೆಸಬೇಡಿ.

ಕೊನೆಗೆ, ಹೋಲಿಸುವ ಓಟಗಳೆಲ್ಲ ಒಂದೇ ಸೀಸನ್‌ನವು ಇರಲಿ. ಹೆಚ್ಚೆಂದರೆ ಎರಡು ತಿಂಗಳ ಅಂತರ. ಮೂರು ವರ್ಷ ಹಿಂದಿನ 800ಕ್ಕೂ ಮೊನ್ನೆಯ 5000ಕ್ಕೂ ತಾಳೆ ಹಾಕಿದರೆ ಇಬ್ಬರು ಬೇರೆ ಬೇರೆ ಮನುಷ್ಯರನ್ನು ಹೋಲಿಸಿದಂತೆ.

ಹಂತ 2: ಶೇಕಡಾ ಲೆಕ್ಕ

ಇದು ಐದು ನಿಮಿಷದ ಕೆಲಸ. ವಿಶ್ವದಾಖಲೆಯ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿ, 100ರಿಂದ ಗುಣಿಸಿ. ಬಳಸಬೇಕಾದ ದಾಖಲೆಗಳು ಇವು:

ಪುರುಷರು: 400 ಮೀಟರ್ 43.03, 800 ಮೀಟರ್ 1:40.91, 1500 ಮೀಟರ್ 3:26.00, 3000 ಮೀಟರ್ 7:17.55, 5000 ಮೀಟರ್ 12:35.36, 10,000 ಮೀಟರ್ 26:11.00.

ಮಹಿಳೆಯರು: 400 ಮೀಟರ್ 47.60, 800 ಮೀಟರ್ 1:53.28, 1500 ಮೀಟರ್ 3:48.68, 5000 ಮೀಟರ್ 13:58.06, 10,000 ಮೀಟರ್ 28:54.14.

ನಮ್ಮ ಹುಡುಗನಿಗೆ 800ರಲ್ಲಿ 100.91 ÷ 130, ಅಂದರೆ ಶೇ 77.6. 1500ರಲ್ಲಿ 206 ÷ 270, ಶೇ 76.3. 5000ರಲ್ಲಿ 755.36 ÷ 1030, ಶೇ 73.3. ದೂರ ಹೆಚ್ಚಿದಂತೆ ಇಳಿಯುತ್ತಿದೆ. 800 ಅವನ ಒಳ್ಳೆಯ ಓಟ, 5000 ಸೊರಗಿದೆ. ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಅರ್ಧ ಯಾಕೆ ಅಂದರೆ, ದಾಖಲೆಗಳೇ ಒಂದೇ ತೂಕದವಲ್ಲ. ಮಹಿಳೆಯರ 800ರ ದಾಖಲೆ 1983ರದ್ದು, 400ರದ್ದು 1985ರದ್ದು, 1500 ಮತ್ತು 5000ದ್ದು 2025ರದ್ದು. ಪುರುಷರ 1500ರ ದಾಖಲೆ 1998ರಿಂದ ಹಾಗೇ ಕೂತಿದೆ. ಹಾಗಾಗಿ ಶೇಕಡಾ ಒಂದು, ಒಂದೂವರೆಯ ವ್ಯತ್ಯಾಸವನ್ನು ಹಿಡಿದುಕೊಂಡು ಜಗಳ ಆಡಬೇಡಿ. ಮೂರು, ನಾಲ್ಕು ಬಂದರೆ ಅದಕ್ಕೆ ಅರ್ಥ ಇದೆ. ಹುಡುಗಿಯರ ಸಮಯಕ್ಕೆ ಮಹಿಳೆಯರ ದಾಖಲೆಯನ್ನೇ ಹಿಡಿಯಿರಿ ಅಂತ ಬೇರೆ ಹೇಳಬೇಕಿಲ್ಲ. ಎರಡರ ಅಂತರ ಸುಮಾರು ಶೇ 10ರಿಂದ 12, ಅದೂ ದೂರದಿಂದ ದೂರಕ್ಕೆ ಬದಲಾಗುತ್ತದೆ.

ಹಂತ 3: 1.06 ಅನ್ನುವ ಸಂಖ್ಯೆ ಎಲ್ಲಿಂದ ಬಂತು, ಎಲ್ಲಿ ಕೈಕೊಡುತ್ತದೆ

ಬಹಳಷ್ಟು ಕ್ಯಾಲ್ಕುಲೇಟರ್‌ಗಳ ಹೊಟ್ಟೆಯಲ್ಲಿ ಇರುವುದು ಒಂದೇ ಸೂತ್ರ. ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ 1977ರಲ್ಲಿ ಕೊಟ್ಟದ್ದು:

ಹೊಸ ಸಮಯ = ಹಳೆ ಸಮಯ × (ಹೊಸ ದೂರ ÷ ಹಳೆ ದೂರ) ^ 1.06

ಆ ಕೊನೆಯ 1.06 ಘಾತ. ಅದು 1 ಆಗಿದ್ದರೆ ದೂರ ಎಷ್ಟೇ ಆದರೂ ಅದೇ ವೇಗದಲ್ಲಿ ಓಡಬಹುದು ಅಂತ ಅರ್ಥ. 1.06 ಅಂದರೆ ದೂರ ಎರಡರಷ್ಟಾದಾಗ ಪ್ರತಿ ಸುತ್ತಿಗೆ (400 ಮೀಟರ್‌ಗೆ) ಶೇ 4ರಷ್ಟು ಹೆಚ್ಚು ಸಮಯ ಬೇಕು. 1.11 ಆದರೆ ಶೇ 8ರಷ್ಟು ಬೇಕು. ಅಂದರೆ ಘಾತ ಹೇಳುವುದು ಇಷ್ಟೇ: ದೂರ ಬೆಳೆದಂತೆ ನೀವು ಎಷ್ಟು ಬೇಗ ದಣಿಯುತ್ತೀರಿ.

ರೀಗಲ್ ಈ ಸೂತ್ರವನ್ನು ಎಲ್ಲ ಓಟಕ್ಕೂ ಅಂತ ಹೇಳಲೇ ಇಲ್ಲ. ಸುಮಾರು ಮೂರೂವರೆ ನಿಮಿಷದಿಂದ 230 ನಿಮಿಷದವರೆಗಿನ ಓಟಗಳಿಗೆ ಮಾತ್ರ ಅಂದಿದ್ದರು. ಕ್ಯಾಲ್ಕುಲೇಟರ್ ಮಾಡಿದವರು ಆ ಮಾತನ್ನು ಕೈಬಿಟ್ಟರು. ಈಗ 400 ಮೀಟರ್ ಸಮಯ ಹಾಕಿದರೂ ಅದು ನಾಚಿಕೆ ಇಲ್ಲದೆ 10,000ದ ಸಮಯ ಹೇಳುತ್ತದೆ.

ಮೇಲಿನ ಪುರುಷರ ದಾಖಲೆಗಳಿಂದಲೇ ಒಂದೊಂದು ಜೋಡಿಯ ಘಾತ ತೆಗೆದರೆ ಹೀಗೆ ಬರುತ್ತದೆ. 400ರಿಂದ 800ಕ್ಕೆ 1.23. 800ರಿಂದ 1500ಕ್ಕೆ 1.135. 1500ರಿಂದ 5000ಕ್ಕೆ 1.079. 5000ದಿಂದ 10,000ಕ್ಕೆ 1.056.

ಮೆಟ್ಟಿಲು ಇಳಿದಂತೆ ಇಳಿಯುತ್ತದೆ, ನೋಡಿ. ಕಾರಣ ದೇಹದಲ್ಲೇ ಇದೆ. 400 ಮೀಟರ್ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಆಮ್ಲಜನಕದಿಂದ ಬರುವ ಪಾಲು ಸುಮಾರು ಐದರಲ್ಲಿ ಎರಡು ಭಾಗ. 800ರಲ್ಲಿ ಅದು ಮೂರರಲ್ಲಿ ಎರಡು ಭಾಗ. 1500ಕ್ಕೆ ಬಂದಾಗ ಐದರಲ್ಲಿ ನಾಲ್ಕು ಭಾಗಕ್ಕಿಂತ ಜಾಸ್ತಿ. 400ರಿಂದ 800ಕ್ಕೆ ಹೋದವನು ಬರೀ ದೂರ ಬದಲಿಸಿಲ್ಲ, ಎಂಜಿನ್ನನ್ನೇ ಬದಲಿಸಿದ್ದಾನೆ. 5000ದಿಂದ 10,000ಕ್ಕೆ ಹೋದವನದು ಹೆಚ್ಚುಕಡಿಮೆ ಅದೇ ಎಂಜಿನ್. ಅದಕ್ಕೇ ಅಲ್ಲಿ 1.06 ಚೆನ್ನಾಗಿ ಕೂರುತ್ತದೆ. ಜೋಶುವಾ ಚೆಪ್ಟೆಗೈ 2020ರಲ್ಲಿ ಎರಡು ತಿಂಗಳೊಳಗೆ ಈ ಎರಡೂ ದಾಖಲೆಗಳನ್ನು ಮಾಡಿದರು. ಒಬ್ಬನೇ ಮನುಷ್ಯ, ಒಂದೇ ಫಾರ್ಮ್. ಇದಕ್ಕಿಂತ ಶುದ್ಧವಾದ ಜೋಡಿ ಸಿಗುವುದು ಕಷ್ಟ.

ಹಂತ 4: ನಿಮ್ಮದೇ ಘಾತ ಕಂಡುಹಿಡಿಯಿರಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡು ಓಟ ಬೇಕು. ಸಮಯಗಳನ್ನು ಭಾಗಿಸಿ ಲಾಗ್ ತೆಗೆಯಿರಿ. ದೂರಗಳನ್ನು ಭಾಗಿಸಿ ಲಾಗ್ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಹುಡುಗನ 1500 ಮತ್ತು 5000 ತೆಗೆದುಕೊಳ್ಳೋಣ. 1030 ÷ 270 = 3.815, ಅದರ ಲಾಗ್ 0.5815. 5000 ÷ 1500 = 3.333, ಅದರ ಲಾಗ್ 0.5229. ಭಾಗಿಸಿದರೆ 1.112. ಅದೇ ರೀತಿ 800 ಮತ್ತು 1500ಕ್ಕೆ ಮಾಡಿದರೆ 1.163.

ಈಗ ಇವನ್ನು ದಾಖಲೆಯ ಘಾತದ ಪಕ್ಕದಲ್ಲಿಡಿ. 1.163ರಲ್ಲಿ 1.135 ಕಳೆದರೆ 0.028. 1.112ರಲ್ಲಿ 1.079 ಕಳೆದರೆ 0.033. ಎರಡು ಕಡೆಯೂ ಅಂತರ ಹೆಚ್ಚುಕಡಿಮೆ ಒಂದೇ. ಅಂದರೆ ಒಂದು ಓಟ ಕೆಟ್ಟು ಹೀಗಾಗಿದ್ದಲ್ಲ, ಹುಡುಗನ ಓಟದ ಸ್ವಭಾವವೇ ಹೀಗೆ. ಒಂದು ಅಂತರ 0.02, ಇನ್ನೊಂದು 0.09 ಬಂದಿದ್ದರೆ ನಾನು 5000ವನ್ನೇ ಅನುಮಾನಿಸುತ್ತಿದ್ದೆ. ಬಿಸಿಲಿತ್ತೋ, ಮೊದಲ ಕಿಲೋಮೀಟರ್ ಅತಿಯಾಗಿ ಓಡಿದನೋ ಅಂತ ಕೇಳುತ್ತಿದ್ದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ದಾಖಲೆಗಳು ಬೇರೆ ಬೇರೆ ಜನರವು, ತಮ್ಮ ತಮ್ಮ ದೂರದ ಪರಿಣತರವು. ಒಬ್ಬ ಮನುಷ್ಯನ ಗೆರೆ ಬೇರೆ ಥರ ಇರುತ್ತದೆ. 800ರ ದಾಖಲೆ ಇರುವ ಡೇವಿಡ್ ರುಡಿಶಾ ಅವರ ಅತ್ಯುತ್ತಮ 400 ಸಮಯ 45.50. ಅವರ 400ರಿಂದ 800ಕ್ಕೆ ಘಾತ ತೆಗೆದರೆ 1.149, ದಾಖಲೆಯ 1.23ಕ್ಕಿಂತ ತುಂಬಾ ಕಡಿಮೆ. ಸೆಬಾಸ್ಟಿಯನ್ ಕೋ ಅವರ 800 ಸಮಯ 1:41.73, 1500 ಸಮಯ 3:29.77. ಅಲ್ಲಿ 1.151 ಬರುತ್ತದೆ, ದಾಖಲೆಯ 1.135ಕ್ಕಿಂತ ಜಾಸ್ತಿ.

ಇಬ್ಬರನ್ನೂ ಜೊತೆಗಿಟ್ಟು ನೋಡಿದರೆ ಒಂದು ಗುಟ್ಟು ಗೊತ್ತಾಗುತ್ತದೆ. ತನ್ನ ದೂರಕ್ಕೆ ಬರುವವರೆಗೆ ಓಟಗಾರನ ಘಾತ ದಾಖಲೆಗಿಂತ ಕಡಿಮೆ ಇರುತ್ತದೆ. ಅಲ್ಲಿಂದ ಮುಂದಕ್ಕೆ ಹೋದರೆ ಜಾಸ್ತಿ ಆಗುತ್ತದೆ. ಕಡಿಮೆ ಇದ್ದದ್ದು ಜಾಸ್ತಿಗೆ ತಿರುಗುವ ಜಾಗವೇ ನಿಮ್ಮ ದೂರ.

ನಮ್ಮ ಹುಡುಗನಿಗೆ 800ರಿಂದ ಮುಂದಕ್ಕೆ ಎರಡೂ ಜಾಸ್ತಿ. ಹಾಗಾದರೆ ಅವನ ದೂರ 800 ಅಥವಾ ಅದಕ್ಕಿಂತ ಕಡಿಮೆ. ಯಾವುದು ಅಂತ ತಿಳಿಯಲು ಒಂದು 400 ಓಡಿಸಬೇಕು. 130ನ್ನು ದಾಖಲೆಗಳ ಅನುಪಾತ 2.345ರಿಂದ ಭಾಗಿಸಿದರೆ 55.4. ಅದಕ್ಕಿಂತ ಬೇಗ ಮುಗಿಸಿದರೆ ಹುಡುಗ 400ರ ಕಡೆಯವನು. 57, 58 ಬಂದರೆ ಅವನು 800ರವನೇ.

ಆದರೂ ಅವಸರದ ತೀರ್ಪು ಬೇಡ. ಘಾತ ಹುಟ್ಟಿನಿಂದ ಬಂದ ಗುರುತಲ್ಲ. ವಾರಕ್ಕೆ ಇಪ್ಪತ್ತು ಕಿಲೋಮೀಟರ್ ಓಡುವವನ 5000 ಸೊರಗಿರುವುದು ಸಹಜ. ಆರು ತಿಂಗಳು ದೂರದ ಓಟದ ತಾಲೀಮು ಮಾಡಿಸಿದರೆ ಅದೇ ಹುಡುಗನ 1.112 ಇಳಿದೀತು. ನಾನಂತೂ ಒಂದು ಸೀಸನ್ ಚೆನ್ನಾಗಿ ತಾಲೀಮು ಮಾಡದ ಹುಡುಗನಿಗೆ ನೀನು ಇಂಥ ದೂರದವನು ಅಂತ ಹೇಳುವುದಿಲ್ಲ.

ಹಂತ 5: ಓಡದ ದೂರದ ಸಮಯ ಅಂದಾಜು ಮಾಡುವುದು

ಈಗ 10,000 ಮೀಟರ್. ಹೋಗುವ ದೂರಕ್ಕೆ ಅತಿ ಹತ್ತಿರದ ಓಟವನ್ನೇ ಆಧಾರ ಮಾಡಿಕೊಳ್ಳಿ. ಇಲ್ಲಿ ಅದು 5000. ಆ ಜೋಡಿಯ ದಾಖಲೆಯ ಘಾತ 1.056. ಅದಕ್ಕೆ ಹುಡುಗನ ಅಂತರ 0.033 ಸೇರಿಸಿದರೆ 1.089. 2ರ ಘಾತ 1.089 ಅಂದರೆ 2.127. 1030ರಿಂದ ಗುಣಿಸಿದರೆ 2191 ಸೆಕೆಂಡ್, ಅಂದರೆ 36:31.

ಇದನ್ನೇ 1500ರ 4:30 ಇಟ್ಟುಕೊಂಡು, 1.06 ಹಾಕಿ ನೇರವಾಗಿ ಲೆಕ್ಕ ಮಾಡಿದ್ದರೆ 33:37 ಬರುತ್ತಿತ್ತು. ಮೂರು ನಿಮಿಷದ ವ್ಯತ್ಯಾಸ! ಕ್ಯಾಲ್ಕುಲೇಟರ್ ನಂಬಿ ಆ ಹುಡುಗ ಒಂದು ಸುತ್ತಿಗೆ 81 ಸೆಕೆಂಡಿನಂತೆ ಹೊರಟರೆ, ತನ್ನ 5000ದ ವೇಗಕ್ಕಿಂತ ಜೋರಾಗಿ ಹೊರಟಂತೆ. ಹತ್ತನೇ ಸುತ್ತಿಗೆ ಕಾಲು ಕಲ್ಲಾಗುತ್ತದೆ.

ಒಂದು ಮೈಲಿಗೆ ಇಷ್ಟೆಲ್ಲ ಬೇಡ. 1500ರ ಸಮಯವನ್ನು 1.08ರಿಂದ ಗುಣಿಸಿ. 4:30 ಇದ್ದರೆ 4:51.6. ವಿಶ್ವದಾಖಲೆಗಳ ಅನುಪಾತವೂ 1.083.

3000 ಮೀಟರ್ ಸ್ಟೀಪಲ್‌ಚೇಸ್‌ಗೆ ಯಾವ ಘಾತವೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ದೂರ ಬದಲಾಗಿಲ್ಲ, ತಡೆಗೋಡೆ ಮತ್ತು ನೀರಿನ ಗುಂಡಿ ಬಂದಿವೆ. ಲಮೆಚಾ ಗಿರ್ಮಾ 2023ರಲ್ಲಿ ಒಳಾಂಗಣದಲ್ಲಿ 3000 ಮೀಟರನ್ನು 7:23.81ಕ್ಕೆ, ಅದೇ ವರ್ಷ ಸ್ಟೀಪಲ್‌ಚೇಸ್ ಅನ್ನು 7:52.11ಕ್ಕೆ ಓಡಿದರು. 28 ಸೆಕೆಂಡಿನ ಅಂತರ. ಅಷ್ಟು ಸಲೀಸಾಗಿ ತಡೆ ದಾಟುವವರಿಗೇ 28 ಬೇಕಾದರೆ, ಹೊಸಬರು ಇನ್ನೂ ಜಾಸ್ತಿ ಇಟ್ಟುಕೊಳ್ಳಬೇಕು.

ಹಂತ 6: ಇಬ್ಬರನ್ನು ಹೋಲಿಸುವಾಗ

ಇಲ್ಲಿಯವರೆಗೆ ಒಬ್ಬನ ಓಟಗಳನ್ನೇ ನೋಡಿದೆವು. ತಂಡದಲ್ಲಿ ಒಂದೇ ಜಾಗ ಇದೆ, ಒಬ್ಬಳು 400 ಓಡುತ್ತಾಳೆ, ಇನ್ನೊಬ್ಬಳು 5000. ಯಾರನ್ನು ಕರೆದುಕೊಂಡು ಹೋಗುವುದು? ಇಂಥ ಕಡೆ ಘಾತ ಮರೆತುಬಿಡಿ, ಅಂಕಪಟ್ಟಿ ಹಿಡಿಯಿರಿ. ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್‌ನ ಸ್ಕೋರಿಂಗ್ ಟೇಬಲ್ ಇದೆ. ಬೋಜಿದಾರ್ ಸ್ಪಿರಿಯೆವ್ ರೂಪಿಸಿದ್ದು, 1982ರಿಂದ ಇದೆ, ಹಳಬರು ಈಗಲೂ ಹಂಗೇರಿಯನ್ ಟೇಬಲ್ ಅನ್ನುತ್ತಾರೆ. ಪ್ರತಿ ದೂರದ ಪ್ರತಿ ಸಮಯಕ್ಕೂ 1ರಿಂದ 1400ರವರೆಗೆ ಒಂದು ಅಂಕ. ಅಂಕ ಜಾಸ್ತಿ ಬಂದವಳು ಹೋಗಲಿ. ಪುರುಷರದ್ದು, ಮಹಿಳೆಯರದ್ದು ಬೇರೆ ಬೇರೆ ಪಟ್ಟಿ, ಅಡ್ಡಡ್ಡ ಹೋಲಿಸಬೇಡಿ. ಇತ್ತೀಚಿನ ಆವೃತ್ತಿಯನ್ನೇ ಬಳಸಿ. ಎರಡು ಆವೃತ್ತಿಗಳ ಅಂಕ ಬೆರೆಸಿದರೆ ಜಗಳ ಖಚಿತ.

ಇದರ ಬದಲು ಡೆಕಾಥ್ಲಾನ್ ಅಂಕಪಟ್ಟಿ ಹಿಡಿಯುವವರೂ ಇದ್ದಾರೆ. ಅದು ತಪ್ಪು ಸಾಧನ. ಆ ಪಟ್ಟಿಯಲ್ಲಿ 1500 ಮೀಟರ್ 4:30ಕ್ಕೆ 745 ಅಂಕ. ಅಷ್ಟೇ ಅಂಕಕ್ಕೆ 400 ಮೀಟರನ್ನು ಸುಮಾರು 51.5ರಲ್ಲಿ ಓಡಬೇಕು. ಶೇಕಡಾ ಲೆಕ್ಕದಲ್ಲಿ ನೋಡಿದರೆ ಆ 400 ಶೇ 83.5, ಆ 1500 ಬರೀ ಶೇ 76.3. ಎರಡೂ ಸಮ ಅಂತ ಯಾವ ಕೋಚ್ ಒಪ್ಪುತ್ತಾನೆ? ಎರಡು ದಿನ ಹತ್ತು ಸ್ಪರ್ಧೆ ಮಾಡಿ, ಭಾರದ ಗುಂಡು ಎಸೆದು ಸುಸ್ತಾದ ದೊಡ್ಡ ಮೈಯವರ 1500ಕ್ಕೆ ಆ ಪಟ್ಟಿ ರಿಯಾಯಿತಿ ಕೊಡುತ್ತದೆ. ಅವರಿಗೆ ಅದು ನ್ಯಾಯವೇ, ಬರೀ ಓಡುವವರಿಗೆ ಅಲ್ಲ.

ವಯಸ್ಸಾದ ಓಟಗಾರರನ್ನು ಹೋಲಿಸುವುದಾದರೆ ಮಾಸ್ಟರ್ಸ್ ವಿಭಾಗದ ವಯೋಮಾನದ ಪಟ್ಟಿ ಬೇರೆ ಇದೆ. ಮೊದಲು ಅದರಿಂದ ಸಮಯ ಸರಿಪಡಿಸಿಕೊಂಡು ಆಮೇಲೆ ಮುಂದಿನ ಲೆಕ್ಕ ಮಾಡಿ.

ಲೆಕ್ಕವನ್ನು ಟ್ರ್ಯಾಕಿಗೆ ಇಳಿಸುವುದು

ಹುಡುಗನ ಕೈಗೆ 36:31 ಅಂತ ಬರೆದ ಚೀಟಿ ಕೊಟ್ಟರೆ ಪ್ರಯೋಜನ ಇಲ್ಲ. ಓಡುವಾಗ ಅವನಿಗೆ ಕೇಳಿಸುವುದು ಸುತ್ತಿನ ಸಮಯ ಮಾತ್ರ. 2191ನ್ನು 25 ಸುತ್ತಿಗೆ ಹಂಚಿದರೆ 87.6 ಸೆಕೆಂಡ್. ಮೊದಲ ಎಂಟು ಸುತ್ತು 88ಕ್ಕಿಂತ ಬೇಗ ಬೇಡ ಅಂತ ಹೇಳಿ. ಅದು ಅವನಿಗೆ ನಡೆದಂತೆ ಅನಿಸುತ್ತದೆ, ಯಾಕೆಂದರೆ 5000 ಓಡುವಾಗ ಅವನು 82.4ರಲ್ಲಿ ಸುತ್ತು ಹೊಡೆದಿರುತ್ತಾನೆ. ಹದಿನೈದನೇ ಸುತ್ತಿನಲ್ಲೂ 88 ಹಾಗೇ ಬರುತ್ತಿದ್ದರೆ 87ಕ್ಕೆ ಬಿಡಿ. ಮುಗಿದ ಮೇಲೆ ಬಂದ ಸಮಯವನ್ನು 5000ದ ಪಕ್ಕದಲ್ಲಿಟ್ಟು ಮತ್ತೆ ಲಾಗ್ ತೆಗೆಯಿರಿ. 1.089ರ ಬದಲು 1.07 ಬಂದರೆ 17:10 ಅವನ ಶಕ್ತಿಗೆ ತಕ್ಕ ಓಟ ಆಗಿರಲಿಲ್ಲ ಅಂತ ಅರ್ಥ. ಆಗ ಇನ್ನೊಂದು 5000 ಓಡಿಸಿ.